ಎರೆ

ಫ್ರಿಜ್ಜು ಕೆಟ್ಟು ಆರು ವರ್ಷ.
ಬಾಗಿಲು ಕಿತ್ತು, ಅಂಗಾತ ಮಲಗಿಸಿ,
ತೂತಿಗೆಲ್ಲ ಎಂಸೀಲ್ ಮೆತ್ತಿ
ಹಿತ್ತಲ ಶೀಟಿನ ಕೆಳಗೆ ಇಟ್ಟಿದ್ದೇನೆ.
ಆಗ ಸತ್ತ ಮೀನು ಇಡುತ್ತಿದ್ದ ಪೆಟ್ಟಿಗೆ.
ಈಗ ಬದುಕಿದ್ದು.

ನೆಲ್ಲಿಹುದಿಕೇರಿಯಲ್ಲಿ ಸಸಿಲು ಸಿಗುವುದು
ಹೊಳೆ ಮೊಣಕಾಲಿಗೆ ಇಳಿದಾಗ,
ಸೇತುವೆಯ ಮೂರನೇ ಕಂಬದ ಬುಡದಲ್ಲಿ,
ಹಳೇ ಸೊಳ್ಳೆಪರದೆಯ ಎರಡು ತುದಿ ಹಿಡಿದು
ನಾನೂ ಮೊಯ್ದುವೂ ಮಾತಾಡದೆ ನಡೆದರೆ.
ಜೂನಿನಲ್ಲಿ ನೀರು ಚಹಾ ಬಣ್ಣಕ್ಕೆ ತಿರುಗಿತೋ,
ಮುಗಿಯಿತು, ಕಾವೇರಿ ಯಾರ ಮಾತೂ ಕೇಳುವುದಿಲ್ಲ.
ಎಸ್ಟೇಟ್ ಕೆರೆಯ ಕೊರವ ಮಾತ್ರ
ಹನ್ನೆರಡು ತಿಂಗಳೂ ಹಸಿದೇ ಇರುತ್ತದೆ.
ಹುಳು ಕಂಡರೆ ಮುಖ ತಿರುವುತ್ತದೆ.
ಅದಕ್ಕೆ ಒದ್ದಾಡುವುದೇ ಬೇಕು.

ಹಾಗಾಗಿ ಸಾಕುತ್ತೇನೆ.

ಮೊದಲ ಸಲ ನಲ್ಲಿಗೇ ಪೈಪು ಹಚ್ಚಿದೆ.
ಪಂಚಾಯ್ತಿಯವರು ಬ್ಲೀಚಿಂಗ್ ಹಾಕಿದ ದಿನ ಅದು.
ಬೆಳಿಗ್ಗೆ ಎಂಬತ್ತು ಬಿಳಿ ಹೊಟ್ಟೆಗಳು
ಆಕಾಶ ನೋಡುತ್ತಿದ್ದವು.
ನೀರಿಗೂ ಒಂದು ರಾತ್ರಿ ನಿದ್ದೆ ಬೇಕು ಮಾರಾಯ,
ಡ್ರಮ್ಮಿನಲ್ಲಿ ಬಿಟ್ಟು ಆಮೇಲೆ ಹಾಕು, ಅಂದ ಮೊಯ್ದು.
ಕಲ್ಲುಪ್ಪು ಒಂದು ಚಿಟಿಕೆ.
ತವುಡು, ಅರ್ಧ ಬೀಡಿ ಸುಡುವಷ್ಟರಲ್ಲಿ ಮುಗಿಯುವಷ್ಟು.
ಜಾಸ್ತಿ ಪ್ರೀತಿ ಮಾಡಿದರೆ ನೀರು ನಾರುತ್ತದೆ.

ನನ್ನ ಅತ್ತೆ ದೇವಕ್ಕಿ ಕೇಳಿದರು:
ಕೊಲ್ಲಲಿಕ್ಕೆ ಇಷ್ಟು ಆರೈಕೆಯಾ?
ಕೋಳಿಗೆ ನೀವು ಕಾಳು ಹಾಕುವುದಿಲ್ವಾ, ಅಂದೆ.
ಕೋಳಿ ನಮಗೆ, ಇದು ಇನ್ನೊಂದು ಮೀನಿಗೆ,
ಅಂದು ಒಳಗೆ ಹೋದರು.
ಅದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಜುಲೈಯ ಆ ರಾತ್ರಿ
ಸಿಲ್ವರ್ ಓಕೊಂದು ಹನ್ನೊಂದು ಕೆವಿ ಲೈನಿನ ಮೇಲೆ ಒರಗಿತು.
ನಾನು ಲೈನ್‌ಮ್ಯಾನ್.
ನಾನೇ ಫೋನು ಮಾಡಿ ಫೀಡರ್ ಬಂದ್ ಮಾಡಿಸಿದೆ.
ಕಂಬದ ತುದಿಯಲ್ಲಿ ಬೆಲ್ಟಿಗೆ ಜೋತು,
ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದಾಗ
ನೆನಪಾಯಿತು ಹಿತ್ತಲಿನ ಗುಳ್ಳೆ ಮೋಟರು.
ಕಾಫಿ ಪಲ್ಪರಿನವರು, ಕೋಳಿ ಫಾರಂನವರು,
ಮದುವೆ ಮನೆಯವರು, ಎಲ್ಲರೂ ಫೋನು ಮಾಡಿದರು
ಕರೆಂಟು ಯಾವಾಗ, ಕರೆಂಟು ಯಾವಾಗ.
ಸಸಿಲುಗಳಿಗೆ ಫೋನಿಲ್ಲ.
ಮಳೆ ಹಾಗೆ ಸುರಿಯುತ್ತಿತ್ತು,
ಇಡೀ ಊರಿಗೆ ನೀರು, ಆ ಪೆಟ್ಟಿಗೆಯಲ್ಲಿ
ಒಂದು ಉಸಿರಿಗೆ ಬರ.

ಬೆಳಕು ಹರಿಯುವಾಗ ಮನೆಗೆ ಬಂದೆ.
ಮಗುಚಿದ ಬಕೆಟಿನ ಮೇಲೆ ಅತ್ತೆ ಕೂತಿದ್ದರು,
ತಲೆಗೆ ಗೊಬ್ಬರದ ಚೀಲ ಕೊಪ್ಪೆ ಹಾಕಿ.
ಕೈಯಲ್ಲಿ ನೀಲಿ ಮಗ್ಗು.
ಮೊಗೆದು, ತಲೆಯ ಮಟ್ಟಕ್ಕೆ ಎತ್ತಿ, ಎರೆದು,
ಮತ್ತೆ ಮೊಗೆದು.
ಈ ಲೈನಿನ ಬಾಣಂತಿಯರ ಕೂಸುಗಳಿಗೆಲ್ಲ
ನೀರೆರೆದ ಕೈ ಅದು.
ಎರೆಗೆ ಎರೆಯುತ್ತಾ ಕೂತಿತ್ತು, ಮೂರು ಗಂಟೆಯಿಂದ.
ಎತ್ತರದಿಂದ ಬಿದ್ದರೆ ಗಾಳಿ ಸೇರುತ್ತೆ
ಅಂತ ನೀನೇ ಹೇಳಿದ್ದಲ್ವಾ,
ಎಂದರು, ಬೈಯುವ ದನಿಯಲ್ಲಿ.
ನಲವತ್ತೊಂದು ಉಳಿದಿವೆ.

ಭಾನುವಾರ ಮೊಯ್ದು ಸ್ಕೂಟರು ತಂದ.
ಬಲೆ ಬೇಕಾಗಲೇ ಇಲ್ಲ.
ಕೈ ಇಳಿಸಿದರೆ ಸಾಕು, ಓಡಿ ಬರುತ್ತವೆ,
ಬೆರಳ ಸಂದಿಗೆ ಬಾಯಿ ಹಚ್ಚುತ್ತವೆ.
ಕೈ ಅಂದರೆ ಅವಕ್ಕೆ ತವುಡು.

ಗಾಳವನ್ನು ಬೆನ್ನಿಗೇ ಚುಚ್ಚಬೇಕು,
ನಡುಮುಳ್ಳಿಗೆ ತಾಗದ ಹಾಗೆ.
ಸಾಯಬಾರದು, ಅದೇ ಇಡೀ ವಿದ್ಯೆ.
ಕಮಲದೆಲೆಯ ಪಕ್ಕ ಬಿಟ್ಟೆ.
ದಾರ ಸಣ್ಣಗೆ ನಡುಗಿತು,
ನಡುಗುತ್ತಲೇ ಇತ್ತು.
ಆಮೇಲೆ ಒಂದೇ ಸಲ ಭಾರವಾಯಿತು.

ಕಾಚಂಪುಳಿ ಹಾಕಿ ಅತ್ತೆಯೇ ಸಾರು ಮಾಡಿದರು.
ಕೊರವನ ತಲೆ ತಮಗೇ ಬಡಿಸಿಕೊಂಡರು,
ಒಂದು ಮುಳ್ಳೂ ಬಿಡದೆ ಚೀಪಿದರು.
ಕೈ ತೊಳೆಯಲು ಹಿತ್ತಲಿಗೆ ಹೋದವರು
ಅಲ್ಲಿಂದಲೇ ಕೂಗಿದರು:
ಮೂವತ್ತೆಂಟು.

ಕರೆಂಟು ಇತ್ತು.
ಮೋಟರು ಗುಳುಗುಳು ಅನ್ನುತ್ತಿತ್ತು.
ಆದರೂ ಮಗ್ಗು ಹುಡುಕಿ, ಮೊಗೆದು,
ತಲೆಯ ಮಟ್ಟಕ್ಕೆ ಎತ್ತಿ
ಒಂದು ಸಲ ಎರೆದೇ ಒಳಗೆ ಬಂದರು.